ಫಟಫಟಿ, ತೊಟ್ಟಿಲು ಮತ್ತು ಉಲ್ಟಾ ಸೂಜಿ

೧

ಗಾಡಿಯಿಂದ ಶುರು ಮಾಡಲೋ, ಗಾಡಿ ಹೊಡೆಯುವವನಿಂದಲೋ? ಮೂರು ದಿನದಿಂದ ಇದೇ ತಲೆನೋವು. ಗಾಡಿಯಿಂದ ಶುರು ಮಾಡಿದರೆ ನನಗೆ ಗೊತ್ತಿಲ್ಲದ ನಟ್ಟು ಬೋಲ್ಟುಗಳ ಹೆಸರು ಬರೆಯಬೇಕಾಗುತ್ತದೆ. ಓದುಗರಲ್ಲಿ ಒಬ್ಬರಾದರೂ ಗ್ಯಾರೇಜಿನವರು ಇದ್ದೇ ಇರುತ್ತೀರಿ; ಮರುದಿನವೇ ಪತ್ರ ಬರೆದು ನನ್ನ ಮಾನ ಹರಾಜು ಹಾಕುತ್ತೀರಿ. ಮನುಷ್ಯನಿಂದ ಶುರು ಮಾಡಿದರೆ ಅವನ ಅಪ್ಪ, ಅಜ್ಜ, ಮೀಸೆ, ಮನೆತನ ಎಲ್ಲ ಹೇಳಿ ಗಾಡಿಯ ಹತ್ತಿರ ಬರುವಷ್ಟರಲ್ಲಿ ನೀವು ಎದ್ದು ಚಹಾ ಕುಡಿಯಲು ಹೋಗಿರುತ್ತೀರಿ.

ಇರಲಿ. ಧೈರ್ಯ ಮಾಡಿ ಒಂದು ಸಾಲು ಬರೆದಿದ್ದೇನೆ, ನೋಡಿ:

"೧೯೩೮ನೇ ಇಸವಿ. ಗಂಗಾವತಿಯ ಹೊಲಿಗೆ ಮಿಶಿನ್ನಿನ ಏಜೆಂಟ ಟಿಪ್ಪುಸಾಬ ತನ್ನ ಹಳೆಯ ಫಟಫಟಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತು, ಇದನ್ನೇ ಇಟ್ಟುಕೊಳ್ಳುವುದೋ, ಕೊಟ್ಟು ಹೊಸದು ತರುವುದೋ ಎಂದು ಯೋಚಿಸುತ್ತಿದ್ದ."

(ಕಚೇರಿಯ ಕಾಗದದಲ್ಲಿ ಅದು ೧೩೪೭ ಫಸಲಿ. ನಿಜಾಮರ ಸೀಮೆಯಲ್ಲಿ ವರ್ಷದ ಲೆಕ್ಕವೂ ಬೇರೆ. ಕಥೆಗೆ ಇದರಿಂದ ಏನೂ ಉಪಯೋಗವಿಲ್ಲ. ನನಗೆ ಗೊತ್ತಿದೆ ಎಂದು ತೋರಿಸಿಕೊಂಡೆ, ಅಷ್ಟೆ.)

ಸಾಲು ಕೆಟ್ಟದಿಲ್ಲ. ಯಾರು, ಎಲ್ಲಿ, ಏನು, ಎಲ್ಲ ಬಂದಿದೆ. ಹುರುಪಿನಲ್ಲಿ ಮುಂದುವರಿಸಿದೆ: "ಅದು ಸೈಡ್‌ಕಾರು ಇದ್ದ ಗಾಡಿ. ಹನ್ನೊಂದು ವರ್ಷದಿಂದ ಅವನು ಅದರ ಮೇಲೆ ಕೊಪ್ಪಳ, ಯಲಬುರ್ಗಾ, ಕುಷ್ಟಗಿ, ಕನಕಗಿರಿ ಎಂದು ಊರೂರು ಸುತ್ತುತ್ತಿದ್ದ. ಸೈಡ್‌ಕಾರಿನಲ್ಲಿ ಒಂದು ಹೊಲಿಗೆ ಮಿಶಿನ್ನು, ಬಿಡಿಭಾಗಗಳ ಪೆಟ್ಟಿಗೆ, ಎಣ್ಣೆ ಡಬ್ಬಿ, ಹೆಂಡತಿ…"

"ಎಣ್ಣಿ ಡಬ್ಬಿ ಆದಮ್ಯಾಲೇನ್ರಿ ನಾನು?"

ಪೆನ್ನು ಕೈಯಿಂದ ಜಾರಿತು. ಧ್ವನಿ ಕಾಗದದ ಒಳಗಿನಿಂದ, ಸೈಡ್‌ಕಾರಿನ ಪರದೆಯ ಹಿಂದಿನಿಂದ ಬಂದಿತ್ತು.

೨

ಇವಳು ಖಾಜಾಬೀ. ಟಿಪ್ಪುಸಾಬನ ಹೆಂಡತಿ. ವಯಸ್ಸು ಮೂವತ್ತರ ಆಚೆ ಈಚೆ, ಸರಿಯಾಗಿ ಎಷ್ಟೆಂದು ಕೇಳಿದ್ದಕ್ಕೆ "ನಿಮಗ್ಯಾಕ?" ಎಂದಳು.

"ಅಣ್ಣಾರ, ಹನ್ನೊಂದು ವರ್ಷ ಆ ಸೈಡ್‌ಕಾರಿನ ತೊಟ್ಲದಾಗ ಕುಂತು ನನ್ನ ಸೊಂಟ ಹೋಗೇತಿ. ನೀವು ನೋಡಿದ್ರ, ಗಾಡಿ ಬದಲಿ ಮಾಡೂದು ಬಿಡೂದು ಬರೇ ಅವರ ಕಥಿ ಅಂತ ಬರಿಯಾಕ ಕುಂತೀರಿ. ಒಳಗ ಯಾರದಾರು ಅಂತ ಪರದಿ ಸರಿಸಿ ನೋಡ್ಬೇಕನ್ನಿಸಲಿಲ್ಲೇನು?"

"ಪರದೆ ಸರಿಸಿ ನೋಡಿದ್ದರೆ ಬೈಯುತ್ತಿದ್ದೆಯಲ್ಲವ್ವ?"

"ಬೈತಿದ್ದೆ. ಆದ್ರೂ ನೋಡ್ಬೇಕಿತ್ತು."

ಇಂಥವಳ ಹತ್ತಿರ ವಾದ ಮಾಡಿ ಗೆದ್ದವರನ್ನು ನಾನು ಕಂಡಿಲ್ಲ. ಮೊದಲ ಕರಡು ಹರಿದು ಹಾಕಿದೆ. ಸರಿ, ಇನ್ನು ಮೇಲೆ ಕಥೆ ಖಾಜಾಬೀಯದು. ಅವಳು ಎಲ್ಲಿ ಕೂತಿದ್ದಾಳೋ ಅಲ್ಲಿಂದ ಕಂಡಷ್ಟು.

(ಇನ್ನೊಂದು ಮಾತು. ಈ ಗಂಡ ಹೆಂಡತಿ ಮನೆಯಲ್ಲಿ ಆಡುವುದು ದಖ್ಖನಿ ಉರ್ದು. ನಾನು ಬರೆಯುವುದು ಕನ್ನಡ. ಹೇಗೆ ಮಾಡೋಣ ಎಂದು ಅವಳನ್ನೇ ಕೇಳಿದೆ. "ಕನ್ನಡದಾಗಽ ಬರಕೊಳ್ರಿ. ಜಗಳ ಮಾಡಾಕ ನನಗ ಕನ್ನಡಾನ ಛಲೋ ಬರ್ತೈತಿ" ಎಂದಳು.)

೩

ಆ ಸೀಮೆಯಲ್ಲಿ ಹೊಲಿಗೆ ಮಿಶಿನ್ನು ಮಾರುವುದು ಹುಡುಗಾಟವಾಗಿರಲಿಲ್ಲ. ಗಂಡಸರು ಪಡಸಾಲೆಯಲ್ಲಿ ಕೂತು ಚಕ್ರ ತಿರುಗಿಸಿ ನೋಡುತ್ತಾರೆ, ತಲೆ ಅಲ್ಲಾಡಿಸುತ್ತಾರೆ. ಆದರೆ ಹೊಲಿಯಬೇಕಾದವರು ಒಳಗಿನವರು. ಅವರಿಗೆ ಕಲಿಸುವವರು ಯಾರು? ಪರಗಂಡಸು ಅಡುಗೆಮನೆ ಬಾಗಿಲು ದಾಟಿ, ಸೊಸೆಯ ಪಕ್ಕ ಕೂತು, ಬಟ್ಟೆ ಹೀಗೆ ಹಿಡಿ, ಹಾಗೆ ಹಿಡಿ ಎನ್ನುವುದು ಆಗುವ ಮಾತೇ? ಟಿಪ್ಪುಸಾಬ ಏಜೆನ್ಸಿ ಹಿಡಿದ ಮೊದಲ ವರ್ಷ ಮಾರಿದ್ದು ಎರಡೇ ಮಿಶಿನ್ನು. ಎರಡೂ ಕುಷ್ಟಗಿಯಲ್ಲಿ ಮಡಿಚಿದ ಹಾಸಿಗೆ ಹೇರಿಡಲು ಬಳಕೆಯಾಗುತ್ತಿದ್ದವು.

ಮರುವರ್ಷ ಅವನು ಕಾಲುವೆ ಇಲಾಖೆಯ ಒಬ್ಬ ಇಂಜಿನಿಯರು ಬಿಟ್ಟುಹೋದ ಸೈಡ್‌ಕಾರಿನ ಗಾಡಿ ಕೊಂಡ. (ಕಂಪನಿಯ ಹೆಸರು ಕೇಳಬೇಡಿ. ನಲವತ್ತು ಸಲ ಒದ್ದರೆ ಒಮ್ಮೆ ಚಾಲೂ ಆಗುವ ಗಾಡಿಯ ಕಥೆಯಲ್ಲಿ ಕಂಪನಿ ಹೆಸರು ಬರೆದರೆ ನನ್ನ ಮನೆಗೆ ವಕೀಲರ ನೋಟೀಸು ಬರುತ್ತದೆ.) ಸೈಡ್‌ಕಾರಿನಲ್ಲಿ ಹೆಂಡತಿಯನ್ನು ಕೂರಿಸಿಕೊಂಡು ಹೋಗುತ್ತೇನೆ, ಅವಳು ಒಳಗೆ ಹೋಗಿ ಕಲಿಸುತ್ತಾಳೆ ಎಂದ. ಅವನ ತಾಯಿ ಎದೆ ಬಡಿದುಕೊಂಡಳು. ಮೂರು ದಿನ ಆದಮೇಲೆ ಮುದುಕಿ ಒಂದು ಶರತ್ತು ಹಾಕಿದಳು: ಸೈಡ್‌ಕಾರಿಗೆ ಸುತ್ತ ಪರದೆ ಇರಬೇಕು. ಹೀಗೆ ಗಂಗಾವತಿಯಲ್ಲಿ ಪರದೆ ಕಟ್ಟಿದ ಫಟಫಟಿ ಹುಟ್ಟಿಕೊಂಡಿತು. ಹಳ್ಳಿಯವರು ಸೈಡ್‌ಕಾರಿಗೆ ತೊಟ್ಟಿಲು ಎಂದು ಹೆಸರಿಟ್ಟರು.

ಖಾಜಾಬೀ ಕಲಿಸುವುದಕ್ಕೂ ಒಂದು ಪದ್ಧತಿ ಇತ್ತು. ಮೊದಲ ದಿನ ಬಟ್ಟೆಯನ್ನೇ ಮುಟ್ಟಿಸುತ್ತಿರಲಿಲ್ಲ. ಬರೀ ಸೂಜಿ. ಮಿಶಿನ್ನಿನ ಸೂಜಿಗೆ ಒಂದು ಚಪ್ಪಟೆ ಮಗ್ಗುಲಿರುತ್ತದೆ. ಅದು ಒಂದೇ ದಿಕ್ಕಿಗೆ ಕೂರಬೇಕು. ಉಲ್ಟಾ ಹಾಕಿದರೆ ಚಕ್ರ ತಿರುಗುತ್ತದೆ, ಸದ್ದು ಬರುತ್ತದೆ, ಹೊಲಿಗೆ ಮಾತ್ರ ಬೀಳುವುದಿಲ್ಲ. ಹತ್ತು ಸಲ ತೆಗೆಸಿ ಹತ್ತು ಸಲ ಹಾಕಿಸುತ್ತಿದ್ದಳು, ಕೊನೆಗೆ ಕಣ್ಣು ಮುಚ್ಚಿಸಿ ಹಾಕಿಸುತ್ತಿದ್ದಳು. ಆಮೇಲೆ ಮಕ್ಕಳ ಕುಂಚಿಗಿ, ಲಂಗ, ಕಡೆಗೆ ಕುಬುಸ. ಪ್ರತಿಯೊಬ್ಬಳೂ ಮೊದಲ ಸಲ ಹೊಲಿದ ಸೊಟ್ಟ ಹೊಲಿಗೆಯ ಒಂದು ತುಂಡು ಬಟ್ಟೆಯನ್ನು ಖಾಜಾಬೀಗೆ ಕೊಡಬೇಕು. ಅವಳು ಅದನ್ನು ತೊಟ್ಟಿಲಿನ ಪರದೆಗೆ ಸೇರಿಸುತ್ತಿದ್ದಳು. ಮುದುಕಿ ಹಾಕಿಸಿದ್ದ ಬಿಳಿ ಪರದೆ ವರ್ಷಗಳಲ್ಲಿ ಪೂರ್ತಿ ಮಾಯವಾಗಿ, ಇಳಕಲ್ಲಿನ ಅಂಚು, ಖಣದ ಚೂರು, ಹಳೇ ಧೋತರದ ತುದಿ ಎಲ್ಲ ಕೂಡಿ ಅದು ಕೌದಿಯೇ ಆಗಿತ್ತು.

"ಮೂವತ್ತೊಂಬತ್ತು ಮಂದಿ" ಎಂದಳು ಖಾಜಾಬೀ. "ಬರೀರಿ. ಮೂವತ್ತೊಂಬತ್ತು ಮಂದೀಗೆ ಕಲಿಸೀನಿ. ಒಬ್ಬಾಕಿನೂ ಸೂಜಿ ಉಲ್ಟಾ ಹಾಕೂದಿಲ್ಲ."

ಬರೆದೆ.

ಮಕ್ಕಳು ಎಂದು ಕೇಳಿದೆ. "ಇಬ್ಬರು ಹೆಣ್ಣಮಕ್ಕಳು. ಅವ್ರ ಅಜ್ಜಿ ಹತ್ರ ಆರಾಮದಾರ. ಅವರನ್ನ ನಿಮ್ಮ ಕಥ್ಯಾಗ ಎಳಕೊಂಡು ಬಂದು ಅಳಸಬ್ಯಾಡ್ರಿ ಮತ್ತ."

ನನಗೆ ಆ ಆಸೆ ಇದ್ದದ್ದು ನಿಜ. ಕೈಬಿಟ್ಟೆ.

೪

ಈಗ ಗಾಡಿಯ ಸಂಗತಿ. ಗಾಡಿ ಹಣ್ಣಾಗಿತ್ತು. ಸೈಲೆನ್ಸರಿಗೆ ತಂತಿ ಸುತ್ತಿತ್ತು, ಸೀಟಿನ ಸ್ಪ್ರಿಂಗು ಒಂದು ಕಡೆ ಸತ್ತಿತ್ತು. ಮಳೆ ಬಿದ್ದ ಎರೆಹೊಲದ ದಾರಿಯಲ್ಲಿ ಮಣ್ಣು ಮೂರು ಗಾಲಿಗೂ ಮೆತ್ತಿಕೊಂಡು ಇಬ್ಬರೂ ಇಳಿದು ಕೆರೆಯಬೇಕಾಗುತ್ತಿತ್ತು. ಒಣ ದಾರಿಯೂ ಸುಖವಲ್ಲ. ಚಕ್ಕಡಿಯ ಜಾಡು ಅಗಲ, ಈ ಗಾಡಿಯ ಅಗಲ ಕಡಿಮೆ. ಫಟಫಟಿ ಜಾಡಿನಲ್ಲಿ ಇಳಿದರೆ ತೊಟ್ಟಿಲು ದಿಬ್ಬದ ಮೇಲೆ ಏರುತ್ತಿತ್ತು. ಯಲಬುರ್ಗಾದಿಂದ ಕುಷ್ಟಗಿಯ ತನಕ ಖಾಜಾಬೀ ಗಂಡನಿಗಿಂತ ಒಂದು ಗೇಣು ಮೇಲೆ, ಓರೆಯಾಗಿ ಕೂತು ಹೋಗುತ್ತಿದ್ದಳು.

ಆದರೂ ಟಿಪ್ಪುಸಾಬನಿಗೆ ಅದರ ಮೇಲೆ ಜೀವ. ಬೆಳಿಗ್ಗೆ ನಮಾಜು ಮುಗಿಸಿ ಬಂದವನು ಮೊದಲು ಅದನ್ನು ಒರೆಸುತ್ತಿದ್ದ. (ಹಿಂದಿನ ಕರಡಿನಲ್ಲಿ ನಾನು ಗಾಡಿಗೆ "ಬೇಗಂ" ಎಂದು ಹೆಸರಿಟ್ಟಿದ್ದೆ. ಟಿಪ್ಪುಸಾಬ ಓದಿ ನಕ್ಕುಬಿಟ್ಟ: "ಏನ್ರಿ ಸಾಹೇಬ್ರ, ಕಬ್ಬಿಣಕ್ಕ ಯಾರರ ಹೆಸರಿಡ್ತಾರೇನ್ರಿ? ಗಾಡಿ ಅಂದ್ರ ಗಾಡಿ." ಹೆಸರು ಹೊಡೆದುಹಾಕಿದೆ. ಆದರೆ ಒರೆಸುವಾಗ ಅವನು ಮೆಲ್ಲಗೆ ಏನೋ ಮಾತಾಡುತ್ತಿದ್ದುದನ್ನು ಖಾಜಾಬೀ ಕೇಳಿದ್ದಾಳೆ.)

ಅಷ್ಟರಲ್ಲಿ ಕೊಪ್ಪಳದ ಸ್ಟೇಷನ್ನಿಗೆ ಗೂಡ್ಸಿನಲ್ಲಿ ಒಂದು ಹೊಸ ಫಟಫಟಿ ಮಾರಾಟಕ್ಕೆ ಬಂದಿಳಿಯಿತು. ಸಣಕಲು ಗಾಡಿ, ಎರಡೇ ಗಾಲಿ, ಒಂದೇ ಒದೆತಕ್ಕೆ ಚಾಲೂ. ಟಿಪ್ಪುಸಾಬ ಹೋಗಿ ಅದರ ಮೇಲೆ ಕೂತು ಸ್ಟೇಷನ್ನಿನ ಸುತ್ತ ಎರಡು ಸುತ್ತು ಹೊಡೆದು ಬಂದ. ಮನೆಗೆ ಬಂದಾಗ ಅವನ ಮುಖ ನೋಡಬೇಕಿತ್ತು ಎನ್ನುತ್ತಾಳೆ ಖಾಜಾಬೀ. ಮದುವೆಯ ದಿನ ಕೂಡ ಅಷ್ಟು ನಗು ಇರಲಿಲ್ಲವಂತೆ.

"ಅದಕ್ಕ ತೊಟ್ಲಾ ಕಟ್ಟಾಕ ಬರ್ತೈತೇನ್ರಿ?" ಎಂದು ಕೇಳಿದಳು, ರೊಟ್ಟಿ ಬಡಿಯುತ್ತ, ತಲೆ ಎತ್ತದೆ.

"ಇಲ್ಲ. ಹಗುರ ಗಾಡಿ. ಮಿಸ್ತ್ರಿನ್ನ ಕೇಳ್ದೆ, ಎಳಿಯೂದಿಲ್ಲ ಅಂದ."

"ಹಂಗಾದ್ರ ಕಲಸೂದು?"

"ಇನ್ನೇನ್ ಕಲಸೂದೈತಿ? ಎಲ್ಲಾ ಊರಾಗೂ ಒಬ್ಬೊಬ್ಬಾಕಿ ತಯಾರಾಗ್ಯಾಳ. ಹೊಸಾ ಮಿಶಿನ್ ಕೊಟ್ರ ಅಲ್ಲಿಯಾಕಿನಽ ಕಲಸ್ತಾಳ. ನೀ ಅಷ್ಟು ಛಲೋ ಕಲಿಸಿಯಲ್ಲ, ಇನ್ನ ಮನ್ಯಾಗ ಆರಾಮ ಇರು."

ಹೊಗಳಿಕೆಯೇ ಹೌದು. ಅವಳು ಚೆನ್ನಾಗಿ ಕಲಿಸಿದ್ದರಿಂದಲೇ ಅವಳ ಕೆಲಸ ಮುಗಿದಿತ್ತು. ಖಾಜಾಬೀ ಆ ರೊಟ್ಟಿಯನ್ನು ಅಷ್ಟು ಬಡಿದಳೆಂದರೆ ಅದು ಹೆಂಚಿಗಿಂತ ದೊಡ್ಡದಾಯಿತು.

೫

ಟಿಪ್ಪುಸಾಬ ಹತ್ತು ಮಂದಿಯನ್ನು ಕೇಳಿದ. ಗಾಡಿ ಕೊಡಲೋ ಬೇಡವೋ ಎಂದು ಪೋಸ್ಟ್ ಮಾಸ್ತರನ್ನು ಕೇಳಿದ, ಬಸ್ಸಿನ ಡ್ರೈವರನನ್ನು ಕೇಳಿದ, ಪಂಕ್ಚರ್ ಹಾಕುವವನನ್ನು ಕೇಳಿದ. ಮೆದು ಮನುಷ್ಯ, ಎಲ್ಲರ ಮಾತಿಗೂ ಹೌದು ಎನ್ನುತ್ತಿದ್ದ. ಹಳೆಯ ಗಾಡಿಯನ್ನು ಕೊಳ್ಳಲು ಗಂಗಾವತಿಯ ಭತ್ತದ ಮಿಲ್ಲಿನ ಓಬಳೆಪ್ಪ ತುದಿಗಾಲಲ್ಲಿ ನಿಂತಿದ್ದ. ಓಬಳೆಪ್ಪನಿಗೆ ಗಾಡಿ ಹೊಡೆಯಲು ಬಾರದು. ತಾನು ತೊಟ್ಟಿಲಲ್ಲಿ ಕೂತು, ಬೇರೆಯವನಿಂದ ಹೊಡೆಸಿಕೊಂಡು, ಮಿಲ್ಲಿಗೆ ಸವಾರಿ ಹೋಗಬೇಕೆಂಬುದು ಅವನ ಜೀವದ ಆಸೆ. ಪರದೆ ಮಾತ್ರ ಬೇಡ ಎಂದಿದ್ದ; ಜನ ನೋಡಬೇಕಲ್ಲ.

ಇಷ್ಟು ಜನರನ್ನು ಕೇಳಿದವನು ಒಬ್ಬಳನ್ನು ಕೇಳಲಿಲ್ಲ.

"ಕೇಳ್ಳಿಲ್ಲ ಅಂತ ಅವರ ಮ್ಯಾಲ ಸಿಟ್ಟೇನಿಲ್ಲ, ಹಂಗ ಬರೀಬ್ಯಾಡ್ರಿ" ಎನ್ನುತ್ತಾಳೆ ಖಾಜಾಬೀ. "ಛಲೋ ಮನಷ್ಯಾ. ನನ್ನ ಸೊಂಟ ನೋವು ನೋಡಿ ಅವ್ರಿಗೆ ಕರಳು ಚುರಕ್ ಅಂತೈತಿ. ಮನ್ಯಾಗ ಕುಂದ್ರಿಸಿದ್ರ ನನಗ ಸುಖ ಅಂತ ತಿಳಕೊಂಡಾರ."

"ಸುಖ ಅಲ್ಲವೇ?"

ಅವಳು ಪರದೆಯಲ್ಲಿ ಎರಡು ಬೆರಳು ತೂರಿಸಿ ಹೊರಗೆ ನೋಡತೊಡಗಿದಳು.

ಮನೆಯಲ್ಲಿ ಅಂಗಳವಿತ್ತು, ಬಾವಿ ಇತ್ತು, ಅತ್ತೆ ಇದ್ದಳು. ಕೆಟ್ಟ ಮನೆಯಲ್ಲ. ಆದರೆ ಆ ಅಂಗಳದಿಂದ ಕಾಣುತ್ತಿದ್ದುದು ಒಂದು ಬೇವಿನ ಮರದ ತುದಿ. ತೊಟ್ಟಿಲಿನ ಪರದೆಯಲ್ಲಿ ಎರಡು ಬೆರಳಿನಷ್ಟು ಸಂದು ಮಾಡಿಕೊಂಡರೆ ಕುಷ್ಟಗಿಯ ಜೋಳದ ಹೊಲ ಕಾಣುತ್ತಿತ್ತು, ನವಲಿಯ ಗದ್ದೆಗಳಲ್ಲಿ ನಾಟಿ ಹಚ್ಚುವವರು ಕಾಣುತ್ತಿದ್ದರು, ಕೊಪ್ಪಳದ ಗುಡ್ಡ ಬಲಗಡೆಯಿಂದ ಎಡಗಡೆಗೆ ಬರುತ್ತಿತ್ತು. ಊರೂರಿನಲ್ಲಿ ಯಾವ ಸೊಸೆ ಬಸುರಿ, ಯಾವ ಅತ್ತೆ ಕಾಟ ಕೊಡುತ್ತಾಳೆ, ಯಾರ ಕುಬುಸದ ತೋಳು ಬಿಗಿ, ಎಲ್ಲ ಅವಳಿಗೆ ಗೊತ್ತಿತ್ತು. ಒಳಗೆ ಹೋದ ಕೂಡಲೇ ಹೆಂಗಸರು "ಖಾಜಾಬಿ ಬಂದ್ಲು" ಎಂದು ಒಲೆ ಬಿಟ್ಟು ಏಳುತ್ತಿದ್ದರು.

೬ (ಇಲ್ಲಿ ಕಥೆ ಕೈ ತಪ್ಪುತ್ತದೆ)

ಕನಕಗಿರಿಯ ವಿರೂಪಾಕ್ಷಮ್ಮ ಖಾಜಾಬೀಯ ಮೊದಲ ಶಿಷ್ಯೆ. ಅರವತ್ತರ ಗೌಡತಿ, ಕನ್ನಡಕ ಹಾಕಿಕೊಂಡು ಮಿಶಿನ್ನು ತುಳಿದರೆ ಸೊಸೆಯಂದಿರು ಗಪ್‌ಚಿಪ್. ಆ ಮನೆಯಲ್ಲಿ ಖಾಜಾಬೀಗೆಂದು ಒಂದು ಬೇರೆ ಹಿತ್ತಾಳೆ ಲೋಟ ಇತ್ತು. (ಅದು ಗೌರವದ ಲೋಟವೋ ಮಡಿಯ ಲೋಟವೋ ಎಂದು ಕೇಳಬೇಡಿ. ಎರಡೂ ಹೌದು. ವಿರೂಪಾಕ್ಷಮ್ಮ ಅದನ್ನು ತಾನೇ ಹುಣಸೆಹಣ್ಣು ಹಚ್ಚಿ ಬೆಳಗುತ್ತಿದ್ದಳು.) ಆ ಲೋಟದಲ್ಲಿ ಮಜ್ಜಿಗೆ ಕುಡಿಯುತ್ತ ಖಾಜಾಬೀ ಹೇಳಿಬಿಟ್ಟಳು:

"ಮುಂದಿನ ಸಲ ನಾ ಬರೂದು ಸುಳ್ಳು ಅವ್ವಾರ. ಹೊಸಾ ಗಾಡಿ ಬರ್ತೈತಿ. ಅದಕ್ಕ ತೊಟ್ಲಾ ಇಲ್ಲ."

"ತೊಟ್ಲಾ ಇಲ್ಲ ಅಂದ್ರ ನೀ ಎಲ್ಲಿ ಕುಂದರ್ತಿ?"

"ಮನ್ಯಾಗ."

ವಿರೂಪಾಕ್ಷಮ್ಮ ಎಲೆಗೆ ಸುಣ್ಣ ಹಚ್ಚುತ್ತಿದ್ದ ಬೆರಳು ನಿಲ್ಲಿಸಿದಳು. ನಾನಾಗಿದ್ದರೆ ಆಗಲೇ ಅನುಮಾನ ಪಡುತ್ತಿದ್ದೆ.

ಹದಿನೈದು ದಿನದಲ್ಲಿ ಚೀಟಿಗಳು ಬರಲು ಶುರುವಾದವು. ಕನಕಗಿರಿ ಸಂತೆಗೆ ಬಂದವರ ಕೈಯಲ್ಲಿ ಒಂದು, ಕುಷ್ಟಗಿಯ ಬಸ್ಸಿನ ಡ್ರೈವರನ ಕೈಯಲ್ಲಿ ಎರಡು, ಯಲಬುರ್ಗಾದಿಂದ ಬಂದ ಶೇಂಗಾ ವ್ಯಾಪಾರಿಯ ಕೈಯಲ್ಲಿ ಮೂರು. ಎಲ್ಲದರಲ್ಲೂ ಒಂದೇ ಒಕ್ಕಣೆ: ಮಿಶಿನ್ ಕೆಟ್ಟೈತಿ. ಹೊಲಿಗಿ ಬೀಳವಲ್ದು. ಖಾಜಾಬೀನ ಕರಕೊಂಡು ಜಲ್ದಿ ಬರ್ರಿ.

ವಿರೂಪಾಕ್ಷಮ್ಮನ ಲೆಕ್ಕ ಇಷ್ಟೇ: ಮಿಶಿನ್ನು ಕೆಟ್ಟರೆ ಖಾಜಾಬೀ ಬೇಕು, ಖಾಜಾಬೀ ಬೇಕಾದರೆ ತೊಟ್ಟಿಲು ಬೇಕು, ತೊಟ್ಟಿಲು ಬೇಕಾದರೆ ಹಳೇ ಗಾಡಿ ಬೇಕು. ಸಂತೆಯಿಂದ ಸಂತೆಗೆ ಮಾತು ದಾಟಿ ನಾಲ್ಕು ತಾಲೂಕಿನ ಹೆಂಗಸರು ಸೂಜಿ ಬಿಚ್ಚಿ ಉಲ್ಟಾ ಹಾಕಿ ಕೂತರು. ಎಂಥ ಒಗ್ಗಟ್ಟು! ಬರೆಯುತ್ತ ನನಗೇ ಕಣ್ಣು ತುಂಬಿತು. ಇನ್ನೇನು ಟಿಪ್ಪುಸಾಬ ಗಾಡಿ ಇಟ್ಟುಕೊಳ್ಳುತ್ತಾನೆ, ಕಥೆ ಮುಗಿಯುತ್ತದೆ ಎಂದು ಪೆನ್ನಿನ ಮುಚ್ಚಳ ಹಾಕಿದೆ.

ಟಿಪ್ಪುಸಾಬ ಚೀಟಿಗಳನ್ನು ಹಾಸಿಗೆಯ ಮೇಲೆ ಹರಡಿಕೊಂಡು ನೋಡಿದ. ತಲೆ ಕೆರೆದುಕೊಂಡ. ಆಮೇಲೆ ಹೇಳಿದ:

"ಯಾ ಅಲ್ಲಾ! ಇಷ್ಟು ಕಂಪ್ಲೇಂಟು ಈ ಮುದಿ ಗಾಡಿಮ್ಯಾಲ ಯಾವಾಗ ಮುಗಿಸ್ಲಿ? ಹೊಸಾ ಗಾಡಿ ಬೇಕಽ ಬೇಕು."

ಮತ್ತು ಓಬಳೆಪ್ಪನಿಗೆ ಹೇಳಿ ಕಳಿಸಿದ: ಇದೊಂದು ಸುತ್ತು ಮುಗಿಸಿ ಬರುತ್ತೇನೆ, ಗುರುವಾರ ಮಧ್ಯಾಹ್ನ ಬಂದು ಗಾಡಿ ಒಯ್ಯಿರಿ.

(ನಾನು ಹಣೆ ಹಣೆ ಬಡಿದುಕೊಂಡೆ. ಖಾಜಾಬೀ ನನ್ನನ್ನು ನೋಡಿ, "ನೀವು ಬಡಕೊಂಡ್ರ ಏನಾಗ್ತೈತಿ? ನನ್ನ ಪಾಡು ಕೇಳ್ರಿ" ಎಂದಳು.)

೭

ಯಲಬುರ್ಗಾ. ಟಿಪ್ಪುಸಾಬ ಪಡಸಾಲೆಗೆ ತರಿಸಿದ ಮಿಶಿನ್ನು ನೋಡಿದ: ಸೂಜಿ ಉಲ್ಟಾ. ತೆಗೆದು ಸರಿಯಾಗಿ ಹಾಕಿದ. ಎರಡನೆಯ ಮನೆ: ಸೂಜಿ ಉಲ್ಟಾ. ಮೂರನೆಯ ಮನೆ: ಅದೇ. ಕುಷ್ಟಗಿಯಲ್ಲಿ ಎರಡು ಮನೆ, ಎರಡರಲ್ಲೂ ಉಲ್ಟಾ; ಒಂದರಲ್ಲಿ ಹಲ್ಲಿಲ್ಲದ ಮುದುಕಿಯೊಬ್ಬಳು ಅವನ ಮುಖ ನೋಡಿ ಬಾಯಿ ತುಂಬ ನಕ್ಕಳು. ಬಾಗಿಲ ಸಂದಿಯಿಂದ ಹೆಂಗಸರು ಖಾಜಾಬೀಗೆ ಕಣ್ಣು ಹೊಡೆಯುತ್ತಿದ್ದರು. ಒಬ್ಬಳಂತೂ ನಗು ತಡೆಯಲಾರದೆ ಸೆರಗು ಬಾಯಲ್ಲಿ ತುರುಕಿಕೊಂಡು ಹಿತ್ತಲಿಗೆ ಓಡಿದಳು. ಖಾಜಾಬೀಗೆ ಮೊದಲ ಮನೆಯಲ್ಲಿಯೇ ಎಲ್ಲ ತಿಳಿಯಿತು; ಎದೆ ತುಂಬಿ ಬಂತು. ಐದನೆಯ ಮನೆಯ ಹೊತ್ತಿಗೆ ಅದು ಭಯವಾಯಿತು.

ಏಕೆಂದರೆ ಕುಷ್ಟಗಿ ದಾಟುತ್ತಿದ್ದಂತೆ ಟಿಪ್ಪುಸಾಬ ಗಾಡಿ ನಿಲ್ಲಿಸಿ, ಪರದೆಯ ಕಡೆ ತಿರುಗಿ ಕೇಳಿದ:

"ಏನ್ ಕಲಿಸಿಬೇ ನೀ ಇವ್ರಿಗೆ? ಎಲ್ಲಾರೂ ಸೂಜಿ ಉಲ್ಟಾ! ಮೂವತ್ತೊಂಬತ್ತು ಮಂದಿ ಮೂವತ್ತೊಂಬತ್ತು ಮಂದಿ ಅಂತಿದ್ದಿ."

ಅವನು ಬೈಯಲಿಲ್ಲ. ನಕ್ಕೇ ಕೇಳಿದ. ಅದಕ್ಕೇ ಅವಳಿಗೆ ಹೆಚ್ಚು ನೋವಾಯಿತು.

ಈಗ ನೋಡಿ ಅವಳ ಇಕ್ಕಟ್ಟು. ನಿಜ ಹೇಳಿದರೆ, ಗಂಡ ಹೆಂಡತಿಯ ಮನೆಯ ಮಾತನ್ನು ಅವಳು ಕನಕಗಿರಿಯ ಪಡಸಾಲೆಗೆ ಒಯ್ದು ಇಟ್ಟಂತಾ‌ಗುತ್ತದೆ. ನಾಲ್ಕು ತಾಲೂಕಿನ ಹೆಂಗಸರು ಕೂಡಿ ಟಿಪ್ಪುಸಾಬನನ್ನು ಆಟ ಆಡಿಸಿದ್ದಾರೆಂದಾಗುತ್ತದೆ. ಹೇಳದಿದ್ದರೆ, ಅವಳಿಗೆ ಕಲಿಸಲು ಬರುವುದಿಲ್ಲವೆಂದಾಗುತ್ತದೆ. ಕಲಿಸಲು ಬಾರದವಳನ್ನು ಕೂರಿಸಿಕೊಂಡು ತಿರುಗುವುದೇಕೆ? ಅವಳಿಗಾಗಿಯೇ ಮಾಡಿದ ಉಪಕಾರ ಅವಳನ್ನು ಎರಡೂ ಕಡೆಯಿಂದ ಅಂಗಳಕ್ಕೆ ತಳ್ಳುತ್ತಿತ್ತು.

ಗುರುವಾರ ಮುಂಜಾನೆ ಕನಕಗಿರಿ. ವಿರೂಪಾಕ್ಷಮ್ಮ ಬಾಗಿಲಲ್ಲೇ ಅವಳ ಕೈ ಹಿಡಿದು ಒಳಗೆ ಎಳೆದುಕೊಂಡಳು.

"ಹೆಂಗ ಮಾಡೀನಿ?"

"ನನ್ನ ಮಾನ ಕಳದ್ರಿ ಅವ್ವಾರ."

ಎಲ್ಲ ಕೇಳಿಸಿಕೊಂಡ ಮೇಲೆ ಮುದುಕಿಯ ಮುಖ ಇಳಿಯಿತು. "ಅಯ್ಯ ಶಿವನ! ನಾ ಹಂಗ ತಿಳದಿದ್ದಿಲ್ಲವಾ ತಂಗಿ. ನನ್ನ ಬುದ್ಧೀಗಿ ಏನಾಗಿತ್ತಽ? ತಡಿ, ನಾನಽ ಹೊರಗ ಹೋಗಿ ನಿನ್ನ ಗಂಡಗ ಹೇಳ್ತೀನಿ."

"ಬ್ಯಾಡ್ರಿ" ಎಂದಳು ಖಾಜಾಬೀ. "ನನ್ನ ಮಾತು, ನಾನಽ ಹೇಳಬೇಕು. ಇಷ್ಟು ದಿನ ಹೇಳಲಿಲ್ಲ, ಅದಽ ತಪ್ಪಾತು."

೮

ಕನಕಗಿರಿ ದಾಟಿ ಒಂದು ಮೈಲಿಗೆ ಗಾಡಿ ತಾನಾಗಿಯೇ ನಿಂತಿತು. (ನಾನು ನಿಲ್ಲಿಸಲಿಲ್ಲ. ದೇವರಾಣೆ. ಅದು ನಿಲ್ಲುವ ಗಾಡಿಯೇ.) ಟಿಪ್ಪುಸಾಬ ಹತ್ತಿಪ್ಪತ್ತು ಸಲ ಒದ್ದು, ಬೆವರು ಒರೆಸಿಕೊಂಡು, ಬದುವಿನ ಮೇಲೆ ಕೂತ. ಅಲ್ಲಿ ದಾರಿ ಎರಡಾಗುತ್ತದೆ. ಒಂದು ಗಂಗಾವತಿಗೆ. ಇನ್ನೊಂದು ಹುಲಿಹೈದರದ ಕಡೆಗೆ. ಅಲ್ಲಿಂದಲೂ ಒಂದು ಚೀಟಿ ಬಂದಿತ್ತು. ಆದರೆ ಅದನ್ನು ಹೊಸ ಗಾಡಿ ತಂದಮೇಲೆ ನೋಡೋಣವೆಂದು ಟಿಪ್ಪುಸಾಬ ಕಿಸೆಯಲ್ಲಿ ಇಟ್ಟುಕೊಂಡಿದ್ದ. ಗಂಗಾವತಿಯಲ್ಲಿ ಓಬಳೆಪ್ಪ ಆಗಲೇ ಹೂವಿನ ಹಾರ, ಗಾಲಿಯ ಕೆಳಗಿಡಲು ನಿಂಬೆಹಣ್ಣು ಹಿಡಿದುಕೊಂಡು ಇವರ ಅಂಗಳದಲ್ಲಿ ಬಂದು ಕೂತಿರಬೇಕು.

"ಅವ್ರಿಗೆಲ್ಲಾ ಬರ್ತೈತ್ರಿ" ಎಂದಳು ಖಾಜಾಬೀ, ಪರದೆಯ ಒಳಗಿನಿಂದ.

"ಏನ್ ಬರ್ತೈತಿ?"

"ಸೂಜಿ ಹಾಕಾಕ. ಕಣ್ಣು ಮುಚ್ಚಿ ಹಾಕ್ತಾರ. ಬೇಕಂತ ಉಲ್ಟಾ ಹಾಕ್ಯಾರ. ನಾ ಬರಲಿ ಅಂತ. ವಿರೂಪಾಕ್ಷಮ್ಮನ ಮುಂದ ನಾನಽ ನನ್ನ ಸಂಕಟ ಹೇಳಕೊಂಡಿದ್ದೆ, ಅದಕ್ಕ."

ಟಿಪ್ಪುಸಾಬ ಗಾಡಿಯ ಕಡೆ ಮುಖ ತಿರುಗಿಸಿದ. ಆಮೇಲೆ ಅವನ ಹೆಗಲು ಅಲುಗಾಡಲು ಶುರುವಾಯಿತು. ಅಳುತ್ತಿದ್ದಾನೆಂದು ಹೆದರಿ ಅವಳು ಸಂದಿನಲ್ಲಿ ನೋಡಿದರೆ, ನಗುತ್ತಿದ್ದ.

"ಎಲ್ಲಾರೂ?"

"ಎಲ್ಲಾರೂ."

"ಆ ಕುಷ್ಟಗಿ ಮುದಕೀನೂ?"

"ಹ್ಞೂಂ."

"ಹಲ್ಲಿಲ್ಲದಾಕಿ ಹಂಗ ನಕ್ಕಾಗಽ ನನಗ ತಿಳೀಬೇಕಿತ್ತು." ನಗು ನಿಲ್ಲಿಸಿ ಕೇಳಿದ: "ಅವರ ಮುಂದ ಹೇಳಕೊಂಡಿ. ನನ್ನ ಮುಂದ ಯಾಕ ಹೇಳ್ಲಿಲ್ಲ?"

"ನೀವು ಗಾಡೀನ ಕೇಳಿದ್ರಿ. ಎಂಜಿನ್ ಏನಂತೈತಿ, ಟೈರ್ ಏನಂತೈತಿ, ಪೋಸ್ಟ್ ಮಾಸ್ತರ್ ಏನಂತಾರ. ನನ್ನ ಕೇಳಿದ್ರೇನು?" ಅವಳು ಅಲ್ಲಿಗೇ ಬಿಡಲಿಲ್ಲ. "ನನಗ ಮನ್ಯಾಗ ಕುಂದ್ರಾಕ ಆಗೂದಿಲ್ರಿ. ಸೊಂಟ ನೋಯಲಿ, ಮುರೀಲಿ. ನನಗ ಹೊರಗ ಬರಬೇಕು. ಆ ಮಂದಿ ನನ್ನ ದಾರಿ ನೋಡ್ತಾರ, ನಾನೂ ಅವರ ದಾರಿ ನೋಡ್ತೀನಿ. ಅಷ್ಟಽ. ಗಾಡಿ ಯಾವುದರ ಇರ್ಲಿ."

೯

ಮುಕ್ತಾಯ ಅ: ಟಿಪ್ಪುಸಾಬ ಕಣ್ಣೀರಿಟ್ಟು ಹಳೇ ಗಾಡಿಯನ್ನು ಅಪ್ಪಿಕೊಂಡು, "ನಿನ್ನ ಎಂದೂ ಮಾರೂದಿಲ್ಲ" ಎನ್ನುತ್ತಾನೆ.

("ಸೈಲೆನ್ಸರ್ ಕಾಯ್ದಿರ್ತೈತಿ, ಯಾಂವ ಅಪ್ಪಿಕೋತಾನ?" ಎಂದ ಟಿಪ್ಪುಸಾಬ. ಹೊಡೆದುಹಾಕಿದೆ.)

ಮುಕ್ತಾಯ ಆ: ಟಿಪ್ಪುಸಾಬ ಹೊಸ ಗಾಡಿ ಕೊಳ್ಳುತ್ತಾನೆ, ಹಳೆಯದನ್ನು ಹೆಂಡತಿಗೆ ಬಿಟ್ಟುಕೊಡುತ್ತಾನೆ. ಖಾಜಾಬೀ ತಾನೇ ಗಾಡಿ ಕಲಿತು, ಕುಷ್ಟಗಿಯ ದಾರಿಯಲ್ಲಿ ಧೂಳೆಬ್ಬಿಸುತ್ತ ಒಬ್ಬಳೇ ಹೊರಡುತ್ತಾಳೆ.

"ಇದು ಯಾರ ಖುಷೀಗಿ?" ಎಂದಳು ಖಾಜಾಬೀ. "ನಿಮ್ಮ ಕಾಲದ ಓದುಗರ ಖುಷೀಗೇನು? ಅದನ್ನ ಒದ್ದು ಒದ್ದು ಅವ್ರ ಕಾಲಽ ಬಿದ್ದು ಹೋಗೇತಿ. ನಾ ಒದೀಬೇಕಂತ! ನನಗ ಗಾಡಿ ಹೊಡಿಯೂ ಹುಚ್ಚಿಲ್ರಿ. ಕುಂತು ಹೋಗೂ ಹುಚ್ಚು."

"ಹಾಗಾದರೆ ಹೊಸ ಗಾಡಿಯ ಹಿಂದೆ, ಕ್ಯಾರಿಯರಿನ ಮೇಲೆ…"

"ನಮ್ಮತ್ತಿ ಸತ್ತಽ ಹೋಗ್ತಾಳ."

"ಮತ್ತೆ ನೀನೇ ಹೇಳಮ್ಮ, ಹೇಗೆ ಮುಗಿಸಲಿ?"

ಅವಳಿಗೆ ಉತ್ತರ ಕೊಡಲು ಪುರುಸೊತ್ತಾಗಲಿಲ್ಲ. ಅಷ್ಟರಲ್ಲಿ ಟಿಪ್ಪುಸಾಬ ಬದುವಿನಿಂದ ಎದ್ದು, ಲುಂಗಿ ಕೊಡವಿಕೊಂಡು, ಗಾಡಿಗೆ ಒಂದು ಒದೆ ಕೊಟ್ಟ. ಎರಡು. ಮೂರು. ಹನ್ನೆರಡನೆಯದಕ್ಕೆ ಎಂಜಿನ್ನು ಕೆಮ್ಮಿ, ಉಗುಳಿ, ಚಾಲೂ ಆಯಿತು. ಅವನು ಸೀಟಿನ ಮೇಲೆ ಕೂತ. ಎರಡು ದಾರಿಗಳನ್ನೂ ನೋಡಿದ. ಹನ್ನೊಂದು ವರ್ಷದಲ್ಲಿ ಎಂದೂ ಮಾಡದ ಕೆಲಸವೊಂದನ್ನು ಮಾಡಿದ: ಪರದೆಯ ಕಡೆ ಬಾಗಿ, ಆ ಸದ್ದಿನ ಮೇಲೆ ಕೂಗಿ ಅವಳನ್ನೇ ದಾರಿ ಕೇಳಿದ.

"ಎತ್ತಾಗ ಹೊಡೀಲಿ?"

ಖಾಜಾಬೀ ಪರದೆ ಸರಿಸಿದಳು.

ನಾನು ಓಡಿ ಹೋಗಿ ಅಡ್ಡ ನಿಂತೆ. ತಡಿಯಮ್ಮ, ಒಂದು ನಿಮಿಷ ತಡಿ. ಗಂಗಾವತಿ ಎಂದರೆ ಗಾಡಿ ಓಬಳೆಪ್ಪನ ಪಾಲಾಗುವ ಒಂದು ಕಥೆ, ಹುಲಿಹೈದರ ಎಂದರೆ ನೀನು ತೊಟ್ಟಿಲಲ್ಲೇ ಉಳಿಯುವ ಇನ್ನೊಂದು. ಓದುಗರು ಕಾಯುತ್ತಿದ್ದಾರೆ. ನಾನಿನ್ನೂ ತೀರ್ಮಾನ ಮಾಡಿಲ್ಲ. ನೀನು ಈಗ ಬಾಯಿ ಬಿಟ್ಟರೆ ಕಥೆ ಮುಗಿದೇ ಹೋಗುತ್ತದೆ.

"ಮುಗದ್ರ ನಿಮ್ಮ ಕಥಿ ಮುಗೀತೈತಿ, ನನಗೇನ್ರಿ?" ಎಂದಳು. "ಅತ್ತಾಗ ಸರೀರಿ ಅಣ್ಣಾರ. ಹೊತ್ತಾಗೇತಿ."

ಸರಿದು ನಿಂತೆ. ಅವಳು ಗಂಡನ ಕಿವಿಯ ಕಡೆ ಬಾಗಿ ಊರಿನ ಹೆಸರು ಹೇಳಿದಳು. ಎಂಜಿನ್ನಿನ ಸದ್ದಿನಲ್ಲಿ ನನಗೆ ಕೇಳಲಿಲ್ಲ.

ಅವನಿಗೆ ಕೇಳಿಸಿತು.